ಕೊಚ್ಚಿಗೆ ಹೋಗೂದೋ ಬ್ಯಾಡೋ

ರೆಸಿನ್ ಬಿಲ್ಲಿನ ಬೆನ್ನಿಗೆ ನಾಗೂಸಾ ಲೆಕ್ಕ ಬರದಾನ:
ಗಾಡಿ ಖರ್ಚು ಇಬ್ಬರದು, ಹೋಗಿ ಬಂದು.
ಲಾಡ್ಜು ಎರಡು ರಾತ್ರಿ, ಒಂದಽ ಖೋಲಿ.
ಊಟ. ಅಲ್ಲಿ ರೊಟ್ಟಿ ಸಿಗೂದಿಲ್ಲಂತ, ಕಟಗೊಂಡು ಹೋಗೂಣು.
ಒಳಗ ಬಿಡೂ ಚೀಟಿಗೆ ತಲಿಗೆ ಮುನ್ನೂರು.
ಕೆಳಗೊಂದು ಗೆರಿ ಎಳದು, ಮೊತ್ತ ಬರೀದಽ
ಪೆನ್ನು ಕಿವಿ ಸಂದ್ಯಾಗ ಸಿಗಿಸ್ಕೊಂಡು
ನನ್ನ ಮಾರಿ ನೋಡಿದ.

ಕೊಚ್ಚಿಯೊಳಗ ಮೂರು ದಿನ ದೋಣಿಗಳ ಪ್ರದರ್ಶನ.
ಕರಪತ್ರ ತಂದಾಂವ ಹಾರ್ಡನರ್ ಮಾರೂ ಹುಡುಗ.
ಅದರಾಗೊಂದು ಬಿಳೇ ದೋಣಿ ಮೂಗು ಎತ್ತಿ ನಿಂತೈತಿ,
ಹೊಟ್ಟಿಯ ಹೊಳಪಿನ್ಯಾಗ
ಫೋಟೋ ತಗದಾಂವನ ನೆರಳು ಕಾಣತೈತಿ.
"ಇಂಥಾ ಹೊಳಪು ಹೆಂಗ ಬರತೈತೋ ಗುರಶಿದ್ದ,
ಕೈಲೆ ಒಮ್ಮೆ ಮುಟ್ಟಿ ನೋಡಬೇಕೋ."

ತಾರಿಹಾಳದ ತಗಡಿನ ಶೆಡ್ಡಿನ್ಯಾಗ
ಇಪ್ಪತ್ತೊಂದು ವರ್ಷದಿಂದ ನಾವು ಮಾಡೂದು ಟಾಕಿ.
ಟಾಕಿ, ಪಾಯಖಾನಿ ಬಾಗಲಾ, ಸಾಲಿ ಹುಡುಗರ ಜಾರಬಂಡಿ,
ಮತ್ತ ಟಾಕಿ.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ
ನೀರು ಒಳಗ ಹಿಡದಿಡೂದಽ ಧಂದೆ.
ನೀರು ಹೊರಗ ತಡಿಯೂ ಸಾಮಾನು
ಜನ್ಮದಾಗ ಮಾಡಿದ್ದು ಒಂದಽ.

ಉಣಕಲ್ ಕೆರಿಗೆ ಕಾಲಲೆ ತುಳಿಯೂ ಹಂಸ ಬೇಕು ಅಂತ
ಕಂತ್ರಾಟದಾರ ಒಬ್ಬಾಂವ ಬಂದಿದ್ದ, ಹಳೇ ಮಾತು.
ಎಡಗಡೆ ಹೊಟ್ಟಿ ನಾಗೂಸಾಂದು, ಬಲಗಡೆ ನಂದು,
ಕುತ್ತಿಗಿ ಇಬ್ಬರೂ ಕೂಡಿ ಎಬ್ಬಿಸಿದ್ವಿ.
ನೀರಿಗೆ ಬಿಟ್ಟ ದಿನ ಹಂಸ ಎಡಕ್ಕ ವಾಲಿತು.
ಬಲಕ್ಕೊಬ್ಬ ದಪ್ಪ ಮನಿಷ್ಯಾನ ಕುಂಡರಿಸಿದ್ರ ಸರಳ;
ಇಲ್ಲಾಂದ್ರ ದಂಡಿ ಬಿಟ್ಟು ನಾಕು ಮಾರು ಹೋಗಿ
ಏನೋ ಕೇಳಿಸ್ಕೊಳ್ಳಾಕತ್ತಂಗ
ಕಿವಿ ನೀರಿಗೆ ಹಚ್ಚತಿತ್ತು.
ತಿರುಗಿ ಕಳಿಸಿದ. ರೊಕ್ಕ ಅರ್ಧಾ ಮುರಕೊಂಡ.

ಈಗ ಅದು ಶೆಡ್ಡಿನ ಹಿಂದ, ಬೇವಿನ ಬುಡಕ.
ಓಣಿ ನಾಯಿ ಎರಡು ಸಲ ಅದರಾಗ ಮರಿ ಹಾಕೈತಿ.
ಅವತ್ತಿನಿಂದ ನಾಗೂಸಾ ಹೇಳೂದು ಒಂದಽ ಮಾತು:
"ನನ್ನ ಕೈ ತಪ್ಪೋ. ನನ್ನ ಕಡೆ ಭಾರ ಆತು."

ನೀಲಗಂಗಾ ಬುತ್ತಿ ಡಬ್ಬಿ ತೊಳಕೋತ ಲೆಕ್ಕ ಕೇಳಿದಳು.
"ಶನಿವಾರ ನಮ್ಮ ಓಣಿಗೆ ನೀರಿನ ಪಾಳಿ.
ನೀವು ಅಲ್ಲಿ ದೋಣಿ ನೋಡಕೋತ ನಿಂತ್ರ
ಇಲ್ಲಿ ಮ್ಯಾಲಿನ ಟಾಕಿಗೆ ಪೈಪು ಹಿಡಿಯಾವ್ರು ಯಾರು?"
ಆಮ್ಯಾಲೆ, ಡಬ್ಬಿ ಬೋರಲು ಹಾಕಿ:
"ಹೋದ್ರ ಆರ್ಡರು ಸಿಗತಾವೇನು?"
ಇಲ್ಲ.
"ಕೆಲಸಾ ಕಲಸತಾರೇನು?"
ಇಲ್ಲ, ನೋಡಾಕ ಬಿಡತಾರ.
"ನೋಡಿ?"

ನೋಡಿ.
ಒಂದು ಹಗಲು ಒಂದು ರಾತ್ರಿ ಗಾಡಿ,
ಅಂವಗ ಕೆಳಗಿನ ಬರ್ಥು, ನನಗ ಮ್ಯಾಲಿಂದು.
ಅಲ್ಲಿ ತಿಳದಾಂವ ಒಬ್ಬ ಸಿಕ್ಕಽ ಸಿಗತಾನ.
ನಾಗೂಸಾ ಅವನ ಮುಂದ ಮೊಬೈಲ್ ಹಿಡದು, ಹಂಸದ ಫೋಟೋ ತೋರಿಸಿ
ತನಗ ಬರೂವಷ್ಟು ಹಿಂದ್ಯಾಗ ಕೇಳತಾನ, ಯಾಕ ವಾಲಿತು ಅಂತ.
ಆ ಮನಿಷ್ಯಾ ತಿರುಗಿ ಕೇಳೂದು ಇಷ್ಟಽ:
ಎರಡೂ ಕಡೆ ಮ್ಯಾಟು ಎಷ್ಟು ಪದರು?

ಮೂರು, ಅಂತಾನ ನಾಗೂಸಾ.

ನನ್ನ ಕಡೆ ಎರಡು.
ಅಂವ ತುಳಜಾಪುರಕ್ಕ ಹೋಗಿದ್ದ ಆ ಎರಡು ದಿನದಾಗ.
ಉಳದ ಒಂದು ಕ್ಯಾನು ರೆಸಿನ್ ಗೋಕುಲ ರೋಡಿನಾಂವಗ ಮಾರಿ
ಮನಿ ಕರೆಂಟಿನ ಬಿಲ್ಲು ತುಂಬಿದೆ.
ಟಾಕಿ ಆಗಿದ್ರ ನಡೀತಿತ್ತು.
ಟಾಕಿ ನಿಂತಲ್ಲೇ ನಿಂದರತೈತಿ,
ಯಾರ ಕಡೆಗೂ ಬಗ್ಗಿ ತೋರಸೂದಿಲ್ಲ.

ಇವತ್ತು ಮುಂಜಾನೆ ಹುಬ್ಬಳ್ಳಿ ಸ್ಟೇಶನ್ನಿನ ಕಿಟಕಿ ಮುಂದ ನಿಂತೇನಿ.
ಬಿಲ್ಲಿನ ಬೆನ್ನಿಗೆ ಆ ಗೆರಿ ಹಂಗಽ ಐತಿ, ಕೆಳಗ ಮೊತ್ತ ಇಲ್ಲ.
ಪಾಳಿಯೊಳಗ ನನ್ನ ಮುಂದ ಮೂರು ಮಂದಿ.
ಹೊರಗ ಅಂಗಡ್ಯಾಗ ನಾಗೂಸಾ ಎರಡು ಚಾ ಹೇಳಿ
ನಂದು ಆರಬಾರದಂತ ಬಶಿ ಮುಚ್ಚಿ ಕುಂತಾನ.

ಚಾ ಆರೂದರೊಳಗ ಹೇಳಿಬಿಟ್ರ
ಇಬ್ಬರ ಗಾಡಿ ಖರ್ಚು ಉಳೀತೈತಿ.
ಇಲ್ಲಾ, ಹೇಳಿಯೂ ಹೋಗಬಹುದು,
ಬರೇ ನೋಡಾಕ. ಆ ಹೊಳಪು ಮುಟ್ಟಾಕ.
ಅಂವ ಬರತೀನಿ ಅಂದ್ರ.

ಮುಂದ ಈಗ ಎರಡು ಮಂದಿ.