ತಿಳಿನೀರಿಗೆ ಯಾವುದು

ಹಲಸೂರಿನಿಂದ ಎರಡು ಬಸ್ಸು ಬದಲಿಸಿ
ಏಕಾಂಬರಂ ಅವರು ಜಾಲಹಳ್ಳಿಗೆ ಬರುವುದು
ಫೆಬ್ರವರಿಯ ಕೊನೇ ಭಾನುವಾರ.
ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ:
'ಈ ಸಲ ಏನು ಕಟ್ಟಿದ್ದೀರಮ್ಮಾ?'

ಹಪ್ಪಳ ಒಣಗಿಸುವ ಬಿಳೀ ಪಂಚೆಯ ಮೇಲೆ
ಹರಡುತ್ತೇನೆ. ನಲವತ್ತೊಂದು ಗಾಳ.
ಒಂದೊಂದಕ್ಕೂ ಸಾಸಿವೆಗಿಂತ ತುಸು ದೊಡ್ಡ ಸೀಸದ ತಲೆ,
ತಲೆಗೆ ಉಗುರುಬಣ್ಣ, ಕುತ್ತಿಗೆಗೆ ರೇಷ್ಮೆಯ ಏಳು ಸುತ್ತು,
ಹಿಂದೆ ಗರಿ.
ಅವರು ಇದಕ್ಕೆ ಜಿಗ್ ಅನ್ನುತ್ತಾರೆ.
ಮೊದಮೊದಲು ನಾನು ಜಿಗಿ ಅಂದುಕೊಂಡಿದ್ದೆ,
ಈಗಲೂ ಮನಸ್ಸಿನಲ್ಲಿ ಹಾಗೇ.

ಇಪ್ಪತ್ತಾರು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು
ಉಸಿರು ಬಿಗಿಹಿಡಿದು ಕೂರಿಸಿದ ಕೈ ಇದು.
ಸೀನಿದರೆ ಹೋಯಿತು,
ಆಮೇಲೆ ಟಾರ್ಚು ಹಿಡಿದು ನೆಲದ ಮೇಲೆ ತೆವಳಬೇಕು.
ಬೀಗ ಬಿದ್ದ ದಿನ ಲೂಪು ಸೆರಗಿನಲ್ಲೇ ಉಳಿಯಿತು,
ವಾಪಸು ಕೇಳಲು ಯಾರೂ ಇರಲಿಲ್ಲ.

ಯಶವಂತಪುರದ ಕೋಳಿ ಅಂಗಡಿ ಜಬೀವುಲ್ಲಾ
ನಾಟಿ ಹುಂಜ ಕೊಯ್ದ ದಿನ ಫೋನು ಮಾಡುತ್ತಾನೆ.
ಕುತ್ತಿಗೆಯ ಗರಿ ನನಗೆ.
ಸೋಪುನೀರಲ್ಲಿ ಮೂರು ಸಲ ಅದ್ದಿ
ದಾಳಿಂಬೆ ಸಿಪ್ಪೆಯಲ್ಲಿ ಬೇಯಿಸಿದರೆ ಕೊಳೆತೆಲೆಯ ಬಣ್ಣ.
ಅರಿಸಿನ ಬೇಡ; ಅದು ತೀರಾ ಮದುವೆ ಮನೆ.

ಅವರು ಹೋಗುವುದು ನೀಲಗಿರಿಗೆ,
ಬಿಳಿಯರು ಮೊಟ್ಟೆ ತಂದು ಬಿಟ್ಟ ಮೀನಿನ ಹೊಳೆಗೆ.
ಕಾಮನಬಿಲ್ಲಿನ ಟ್ರೌಟ್. ನಾನು ಕಂಡಿಲ್ಲ.
ಪಕ್ಕೆಯಲ್ಲಿ ಗುಲಾಬಿ ಪಟ್ಟಿಯಂತೆ,
ಮೈಮೇಲೆ ಎಳ್ಳು ಚೆಲ್ಲಿದ ಹಾಗಂತೆ.
ಮತ್ತೆ ಅನುಮಾನ. ಅಬ್ಬಾ, ಅದರ ಅನುಮಾನ!
ದಡದಲ್ಲಿ ನೆರಳು ಅಲುಗಿದರೆ ಇಲ್ಲ,
ದಾರ ಒಂದೆಳೆ ದಪ್ಪವಾದರೆ ಇಲ್ಲ,
ಹೋದ ವಾರ ಯಾರೋ ತೋರಿಸಿದ ಕೆಂಪನ್ನು
ಈ ವಾರ ನೀವು ತೋರಿಸಿದರೆ
ಹತ್ತಿರ ಬಂದು, ನೋಡಿ, ತಿರುಗಿ ಹೋಗುತ್ತದಂತೆ.
'ನಮ್ಮ ಸೂಪರ್‌ವೈಸರ್ ಗುರುಶಾಂತಪ್ಪನ ಥರ' ಅಂದೆ.
ಅವರು ನಗಲಿಲ್ಲ.
ಮೀನಿನ ವಿಷಯದಲ್ಲಿ ನಗುವುದಿಲ್ಲ.

ಸ್ಟೀಲ್ ಬೇಸನ್ನಿಗೆ ನೀರು. ಕಾವೇರಿಯದೇ ಆಗಬೇಕು,
ಬೋರಿನ ನೀರಲ್ಲಿ ಗರಿ ಪೆಡಸಾಗುತ್ತದೆಂದು ಅವರ ನಂಬಿಕೆ.
ಒಂದೊಂದನ್ನೇ ಕಟ್ಟಿ ಇಳಿಬಿಟ್ಟು
ತೋರುಬೆರಳಲ್ಲಿ ದಾರವನ್ನು ಒಮ್ಮೆ ಮಿಡಿಯುತ್ತಾರೆ.

ಗುಲಾಬಿಯದು: 'ಮಳೆಬಂದು ನೀರು ಕದಡಿದರೆ ಸರಿ.'
ಜರಿ ಎಳೆ ಸೇರಿಸಿ ಮೂರು ರಾತ್ರಿ ಕೂತು ಕಟ್ಟಿದ್ದು:
'ಮೊಮ್ಮಗಳ ಜಡೆಗೆ ಹಾಕಿ.'
ಬಿಳಿಯದನ್ನು ಬಹಳ ಹೊತ್ತು ನೋಡಿ
ಏನೂ ಹೇಳದೆ ಪಕ್ಕಕ್ಕಿಟ್ಟರು.
ಕಪ್ಪು ಎರಡು ತೆಗೆದುಕೊಂಡರು, ಮುಸ್ಸಂಜೆಗೆ.
ದಾಳಿಂಬೆ ಬಣ್ಣದ್ದು, ದಟ್ಟ ಗರಿಯದು:
'ಇಷ್ಟೊಂದು ಯಾಕಮ್ಮಾ? ಹುಳ ಸ್ವೆಟರ್ ಹಾಕುತ್ತಾ?'

ಕೊನೆಗೆ ಪಂಚೆಯ ಮಡಿಕೆಯಲ್ಲಿ ಸಿಕ್ಕಿತು ಇನ್ನೊಂದು,
ನನ್ನ ಲೆಕ್ಕದಲ್ಲಿ ಇರಲೇ ಇಲ್ಲ ಅದು.
ಕರೆಂಟು ಹೋದ ರಾತ್ರಿ, ಗರಿ ಕೈಗೆ ಸಿಗದೆ,
ಬಾಚಣಿಗೆಯಲ್ಲಿ ಉಳಿದಿದ್ದ ನನ್ನದೇ ಕೂದಲು,
ಅರೆನರೆತದ್ದು, ಹದಿನೈದಿಪ್ಪತ್ತು ಎಳೆ,
ಸುಮ್ಮನೆ ಸುತ್ತಿ ಗಂಟು ಹಾಕಿದ್ದೆ.
ಬೇಡ ಅನ್ನುವಷ್ಟರಲ್ಲಿ ನೀರಿಗಿಳಿಸಿದರು.

ಮುಳುಗಿತು. ನಿಂತಿತು.
ಯಾರೂ ಮಿಡಿಯಲಿಲ್ಲ. ಹೊರಗೆ ಲಾರಿ ಹೋಯಿತು,
ಬೇಸನ್ನು ಸಣ್ಣಗೆ ನಡುಗಿತು, ಅಷ್ಟಕ್ಕೇ
ಎಳೆಗಳು ಒಮ್ಮೆ ಬಿಚ್ಚಿ ಒಮ್ಮೆ ಕೂಡಿದವು,
ಕೂರಿಸಿದ ಬ್ಯಾಲೆನ್ಸ್ ಚಕ್ರ
ಮೊದಲ ಸಲ ತಾನಾಗಿ ಆಡಿದ ಹಾಗೆ.
ಅದು ಆಡಿದಾಗ ನಾವು ಅಷ್ಟೂ ಹೆಂಗಸರು
ಮಾತು ನಿಲ್ಲಿಸುತ್ತಿದ್ದೆವು.

'ಇದು' ಅಂದರು. 'ಇಂಥದ್ದು ಆರು ಬೇಕು.
ಏನು ಹಾಕಿದ್ದೀರಿ ಇದಕ್ಕೆ?'
ಕುದುರೆ ಬಾಲ, ಅಂದೆ.

ಮೊಮ್ಮಗಳು ಡೈ ಪ್ಯಾಕೆಟ್ಟು ತಂದಿದ್ದಾಳೆ,
ಗುರುವಾರ ಅವಳ ಸ್ಕೂಲಿಗೆ ಹೋಗಬೇಕಂತೆ ನಾನು,
ನೀಟಾಗಿ.
ತಡಿಯೇ, ಅಂದೆ. ಇನ್ನೂ ಐದು ಬಾಕಿ ಇದೆ.