ನಡುವಿನ ಗಾಂಧಾರ

ಮೀನಿನ ದಾರ ಎಲ್ಲಿ ಸಿಗುತ್ತೆ ಆಚಾರ್ರೇ, ಎಂದಳು ನರ್ಸ್ ಸಬೀಹಾ.
ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ಕೇಳುವ ಮಾತೇ ಇದು?
ಗೊರೂರು ಹಿನ್ನೀರಿಗೆ ಗಾಳ ಹಾಕುವವರು
ಕಟ್ಟಿನಕೆರೆ ಹತ್ತಿರ ಕೊಳ್ಳುತ್ತಾರೆ. ತರಿಸಿಕೊಟ್ಟೆ.

ಸಲಾಲದ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಇದ್ದಳಂತೆ.
ಸೊಂಟ ಮುರಿದ ಮುದುಕನೊಬ್ಬ ಮಲಗಿದಲ್ಲಿಂದಲೇ ಕಲಿಸಿದನಂತೆ,
ಮೊದಲ ಮೂರು ತಿಂಗಳು ವಾದ್ಯ ಮುಟ್ಟಗೊಡದೆ.
ಊದ್ ಎನ್ನುತ್ತಾರೆ. ನನಗೆ ಕಂಡದ್ದು
ಸೀಳಿದ ಹಲಸಿನಕಾಯಿಯ ಒಂದು ಹೋಳು,
ಕುತ್ತಿಗೆ ಮುರಿದು ಹಿಂದಕ್ಕೆ ವಾಲಿದೆ.
ಮೆಟ್ಟಿಲ್ಲ, ಮೇಣವಿಲ್ಲ,
ಬೆರಳು ಜಾರಿದರೆ ಹಿಡಿಯುವವರಿಲ್ಲ.
ಮೀಟಲು ಹಳೆಯ ಎಕ್ಸ್‌ರೇ ಹಾಳೆಯ ಪಟ್ಟಿ;
ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು.

ಷಟರ್ ಅರ್ಧ ಇಳಿಸಿ ಶುರು ಮಾಡಿದಳು.
ಹೊರಗೆ ಆಲೂಗೆಡ್ಡೆ ಲಾರಿ ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು.
ಷಡ್ಜ, ಸರಿ.
ರಿಷಭ, ಸರಿ.
ಮೂರನೆಯದಕ್ಕೆ
ಕೈಯಲ್ಲಿದ್ದ ಅರ ಕೆಳಗಿಟ್ಟೆ.
"ಶ್ರುತಿ ಇಳಿದಿದೆಯಮ್ಮ."
"ಇಳಿದಿಲ್ಲ."
"ಸಾಧಾರಣವೂ ಅಲ್ಲ, ಅಂತರವೂ ಅಲ್ಲ.
ಬಿಳಿ ಮನೆಗೂ ಕರಿ ಮನೆಗೂ ನಡುವೆ
ಗೋಡೆಯೊಳಗೆ ಹೋಗ್ತಿದ್ದೀಯ."
"ಅಲ್ಲೇ ಇರೋದು ಅದು. ರಾಸ್ತ್ ಮಕಾಮ್."
ಮಕಾಮ್ ಅಂದರೆ ನಿಲ್ಲುವ ಜಾಗ ಎಂದೂ ಹೇಳಿದಳು.
ಗೋಡೆಯಲ್ಲಿ ಯಾರು ನಿಲ್ಲುತ್ತಾರೆ?

ಅಷ್ಟರಲ್ಲಿ ಪೆನ್ಷನ್ ಮೊಹಲ್ಲಾದ ಕಡೆಯಿಂದ ಬಾಂಗು.
ತಂತಿಗಳ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿದಳು.
ಮುಗಿಯುವವರೆಗೆ ನಾನೂ ಕೆಮ್ಮಲಿಲ್ಲ.
ಅದೇ. ಅದೇ ಮೂರನೆಯದು,
ಕರಕರ ಎನ್ನುವ ಸ್ಪೀಕರಿನಲ್ಲೂ ನೆಟ್ಟಗೆ.
ನಲವತ್ತು ವರ್ಷ ದಿನಕ್ಕೆ ಐದು ಸಲ ಕೇಳಿದ್ದೇನೆ,
ಲೈಟು ಹಾಕುವ ಹೊತ್ತಾಯಿತು, ಬೀಗ ಹಾಕುವ ಹೊತ್ತಾಯಿತು ಎಂದು.
ಒಂದು ದಿನವಾದರೂ ತಪ್ಪಿದೆ ಅನ್ನಿಸಿರಲಿಲ್ಲ.
ಸಬೀಹಾ ಏನೂ ಹೇಳಲಿಲ್ಲ. ಮತ್ತೆ ಮೀಟಿದಳು.

ಆ ರಾತ್ರಿ ಮಾಡಬಾರದ ಕೆಲಸ ಮಾಡಿದೆ.
ಭಜನೆ ಮಂಡಳಿಯ ಪೆಟ್ಟಿಗೆ ಬಿಚ್ಚಿ
ಗಾಂಧಾರದ ರೀಡನ್ನು ಬುಡದಲ್ಲಿ ಕೆರೆದೆ,
ಉಗುರಿನ ಅಂಚಿನಷ್ಟು,
ಆಮೇಲೆ ಅದರ ಅರ್ಧ.
ತಿದಿ ಒತ್ತಿ, ಕಿವಿ ಇಟ್ಟು, ಇನ್ನಷ್ಟು.
ಹಿತ್ತಾಳೆಯ ಪುಡಿ ಪಂಚೆಯ ಮೇಲೆ ಹೊಳೆಯುತ್ತಿತ್ತು.
ಕೆರೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ,
ಇದು ನನ್ನಪ್ಪ ಕಲಿಸಿದ ಮೊದಲ ಪಾಠ.

ಮಂಗಳವಾರ ಒಯ್ದರು.
ಶನಿವಾರ ಖಜಾಂಚಿ ಸಿಂಗ್ರಯ್ಯನ ತಲೆಯ ಮೇಲೆ ವಾಪಸ್ ಬಂತು.
"ಈ ಒಂದು ಮನೆ ಅಳುತ್ತೆ ಸ್ವಾಮಿ."
ಹೌದಾ ಎಂದೆ.
ಪೆಟ್ಟಿಗೆ ಇಳಿಸಿದವನು ಹೋಗಲಿಲ್ಲ,
ತೋರುಬೆರಳಿನಿಂದ ಅದೊಂದನ್ನೇ ಒತ್ತಿ ನೋಡಿದ,
ಇನ್ನೊಂದು ಸಲ ಒತ್ತಿದ.

ರಿಪೇರಿಗೆ ಬಂದಿದೆ ಎಂದು ಚೀಟಿ ಬರೆದುಕೊಟ್ಟೆ.
ಕೊಡುವ ತಾರೀಕಿನ ಜಾಗದಲ್ಲಿ
ಏನೂ ಬರೆಯಲಿಲ್ಲ.