ಮೂವತ್ತು ಸೆಕೆಂಡು

ಬಡವರ ಊಟಿ ಅಂತ ಹಾಸನವನ್ನು
ಅಪ್ಪನೂ ಕರೆದ, ನಾನೂ ಕರೆದೆ.
ಸ್ಟುಡಿಯೋದ ಪರದೆಗೆ ಬರೆಸಿದ ಆಕಾಶ
ನಲವತ್ತು ವರ್ಷದಿಂದ ಅದೇ ನೀಲಿ.
ಅದರ ಮುಂದೆ ಕೂತವರಿಗೆಲ್ಲ ಹೇಳಿದ್ದೇನೆ:
ಉಸಿರು ಹಿಡಿಯಿರಿ.

ಪಾಲಿಟೆಕ್ನಿಕ್ಕಿನ ಮುಬಶ್ಶಿರ್ ಒಂದು ಕೋಲು ತಂದ.
ಪ್ಲಂಬರ್ ಪೈಪು, ಮೈತುಂಬ ಸಣ್ಣ ಬಲ್ಬು,
ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಮೂಗು.
ಗಾಳಿಯಲ್ಲಿ ದೂಳು ಹೆಚ್ಚಿದಷ್ಟೂ
ಹೆಚ್ಚು ಸಲ ಮಿನುಗುತ್ತೆ ಅಂಕಲ್,
ನೀವು ಶಟರ್ ತೆರೆದಿಟ್ಟು ಸುಮ್ಮನಿರಿ ಸಾಕು, ಎಂದ.
ಸುಮ್ಮನಿರುವುದು ನನ್ನ ಕಸುಬು.
ಒಪ್ಪಿದೆ.

ಬೆಳಗಿನ ಜಾವ ನಾಲ್ಕೂವರೆ, ಕಟ್ಟಿನಕೆರೆ ಮಾರ್ಕೆಟ್ಟು.
ಕೋಲು ಹಿಡಿದು ನಡೆಯಲು ಯಾರಾದರೂ ಬೇಕಿತ್ತು.
ಹುಡುಗ ಲ್ಯಾಪ್‌ಟಾಪ್ ಬಿಟ್ಟೇಳ, ನನಗೆ ಮಂಡಿನೋವು.
ರಸ್ತೆ ಗುಡಿಸಲು ಬಂದ ನಿಂಗಾಜಮ್ಮ
ಪೊರಕೆಯನ್ನು ಗೋಡೆಗೆ ಒರಗಿಸಿ
‘ಅಗುರಾಗೈತಲ್ಲ ಸಾ’ ಎಂದು
ಕೋಲನ್ನೂ ಪೊರಕೆಯಂತೆಯೇ ಹಿಡಿದಳು.

ನಡೆದಳು. ಆಲೂಗಡ್ಡೆ ಲಾರಿ ಎಂಜಿನ್ ಆರಿಸದೆ ನಿಂತಿತ್ತು.
ಟೀ ಅಂಗಡಿಯವನು ರಟ್ಟು, ಕವರು, ಹರಿದ ಚಪ್ಪಲಿ
ಸಿಕ್ಕಿದ್ದನ್ನು ಸುಟ್ಟು ಮೈ ಕಾಯಿಸುತ್ತಿದ್ದ.
ನನ್ನ ಕಣ್ಣಿಗೆ ಕಂಡದ್ದು ಬರೀ
ತಿಳಿಯಾದ ಚಳಿ, ಒಂದೆರಡು ನಕ್ಷತ್ರ.

ಕ್ಯಾಮೆರಾದ ಬೆನ್ನಲ್ಲಿ ಬಂದದ್ದು ಬೇರೆ.
ಮಾರ್ಕೆಟ್ಟಿನ ಬಾಗಿಲಲ್ಲಿ ಅಲ್ಲೊಂದು ಇಲ್ಲೊಂದು
ಗೆರೆ ಎಳೆಯಲು ಮರೆತ ರಂಗೋಲಿಯ ಚುಕ್ಕಿ;
ಬೆಂಕಿಯ ಹತ್ತಿರ ರಾಗಿ ಚೆಲ್ಲಿದ ಹಾಗೆ;
ಲಾರಿಯ ಹಿಂದೆ
ಬೆರಳಿಡಲು ತೆರಪಿಲ್ಲ.
ಮುಬಶ್ಶಿರ್ ಏನೋ ಅಂಕಿ ಹೇಳುತ್ತ ಕುಣಿದ.
ಇಷ್ಟು ಚಂದದ ಪಟ ನಾನು ತೆಗೆದೇ ಇಲ್ಲ ಅನಿಸಿತು,
ಅನಿಸಿದ್ದಕ್ಕೆ ನಾಚಿಕೆಯಾಯಿತು.

ನಿಂಗಾಜಮ್ಮ ಬಗ್ಗಿ ನೋಡಿದಳು, ಬಹಳ ಹೊತ್ತು.
‘ಇದ್ರಲ್ಲಿ ನಾನೆಲ್ಲಿವ್ನಿ ಸಾ?’

ಹೇಗೆ ಹೇಳುವುದು.
ಕಣ್ಣು ಮೂವತ್ತು ಸೆಕೆಂಡು ತೆರೆದೇ ಇರುತ್ತೆ, ತಾಯಿ,
ನಿಂತದ್ದು ಉಳಿಯುತ್ತೆ: ಗೋಡೆ, ಲಾರಿ,
ಕಡ್ಡಿ ಕಡ್ಡಿಯೂ ಎಣಿಸುವಂತೆ ನಿನ್ನ ಪೊರಕೆ.
ನಡೆದವರು ಅಳಿಸಿಹೋಗುತ್ತಾರೆ.
ಕತ್ತಲಲ್ಲಿ ನಡೆದವರಂತೂ.
‘ಇಪ್ಪತ್ತೆರಡ್ ವರ್ಸದಿಂದ ಇಲ್ಲೇ ಓಡಾಡ್ತಾ ಇವ್ನಿ’
ಎಂದು ನಕ್ಕಳು.

ಇನ್ನೊಂದು ಸಲ, ಅಂದ ಹುಡುಗ.
ಈ ಸಲ ಲಾರಿ ದಾಟುವಾಗ ಅವಳಿಗೆ ಕೆಮ್ಮು ಬಂತು.
ಕೋಲು ಊರಿ ನಿಂತಳು.
ನಾನು ಬಾಯಲ್ಲೇ ಎಣಿಸುತ್ತಿದ್ದೆ,
ಹನ್ನೊಂದರಿಂದ ಇಪ್ಪತ್ತಾರರ ತನಕ ಕೆಮ್ಮಿದಳು.

ಆ ಪಟ ಈಗ ಸ್ಟುಡಿಯೋದಲ್ಲಿದೆ, ನೀಲಿ ಪರದೆಯ ಪಕ್ಕ.
ಕಿಕ್ಕಿರಿದ ಚುಕ್ಕಿಗಳ ನಡುವೆ
ನಗರಸಭೆಯ ಹಸಿರು ಕೋಟು, ಬಾಗಿದ ಬೆನ್ನು,
ಬೆಂಕಿಯ ಬೆಳಕು ಬಿದ್ದ ಅರ್ಧ ಮುಖ.
ಕೆಮ್ಮಲು ನಿಂತಲ್ಲಿ ಮಾತ್ರ ಅವಳಿದ್ದಾಳೆ.

ಪಾಸ್‌ಪೋರ್ಟ್ ಸೈಜಿಗೆ ಬಂದವರು ಕೇಳುತ್ತಾರೆ:
ಚೆನ್ನಾಗಿದೆ, ದೀಪಾವಳಿಯದಾ?
ಸ್ಟೂಲು ಸರಿಸುತ್ತೇನೆ, ಗಲ್ಲ ಸ್ವಲ್ಪ ಮೇಲೆ ಎನ್ನುತ್ತೇನೆ.
ಕೆಲವು ದಿನ
ಹೌದು ಎಂದುಬಿಡುತ್ತೇನೆ.